ಪೊರೆಯೊಳಗೆ ಇಳಿಯುವ ಆಂಟಿಆಕ್ಸಿಡೆಂಟ್

ಪ್ರಶ್ನೆ: ಜೀವಕೋಶದ ಪೊರೆ ಕಾಯಲು ವಿಟಮಿನ್ ಇ ಇದೆಯಲ್ಲ, ಮಾರ್ಪಡಿಸಿದ ಆಂಟಿಆಕ್ಸಿಡೆಂಟ್‌ಗಳನ್ನು ಏಕೆ ತಯಾರಿಸುತ್ತಾರೆ?

ಉತ್ತರ: ಹಾನಿಯಾಗುವ ಜಾಗಕ್ಕೇ ಆಂಟಿಆಕ್ಸಿಡೆಂಟ್ ತಲುಪಬೇಕು, ತೊಡಕಿರುವುದು ಅಲ್ಲೇ. ವಿಟಮಿನ್ ಇ ದೇಹದ ಎಲ್ಲ ಪೊರೆಗಳಿಗೂ ಹಂಚಿಹೋಗುತ್ತದೆ. ಪೊರೆಯನ್ನು ಕೆಡಿಸುವ ಚುರುಕು ಕಣಗಳಾದ ಫ್ರೀ ರಾಡಿಕಲ್‌ಗಳು ಹೇರಳವಾಗಿ ಹುಟ್ಟುವ, ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದ ಒಳಪೊರೆಗೆ ಸಿಗುವುದು ಅಲ್ಪ ಪಾಲು.

1990ರ ದಶಕದ ಕೊನೆಯಲ್ಲಿ ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಮರ್ಫಿ, ರಾಬಿನ್ ಸ್ಮಿತ್ ರೂಪಿಸಿದ ಮೈಟೊಕ್ಯೂ ಎಂಬ ಅಣು ಇದಕ್ಕೊಂದು ಸೊಗಸಾದ ಪರಿಹಾರ. ದೇಹವೇ ತಯಾರಿಸುವ ಆಂಟಿಆಕ್ಸಿಡೆಂಟ್ ಆದ ಕ್ಯೂ10ರಲ್ಲಿರುವಂಥದೇ ಕ್ವಿನೋನ್ ತಲೆ, 10 ಕಾರ್ಬನ್‌ಗಳ ಸರಪಳಿ, ತುದಿಯಲ್ಲಿ ಧನ ವಿದ್ಯುದಂಶದ ಟ್ರೈಫಿನೈಲ್‌ಫಾಸ್ಫೋನಿಯಂ. ಮೈಟೊಕಾಂಡ್ರಿಯದ ಒಳಭಾಗ ಋಣವಾದ್ದರಿಂದ ಈ ಧನ ತುದಿಯನ್ನು ಒಳಗೆಳೆಯುತ್ತದೆ. ಪ್ರತಿ 60 ಮಿಲಿವೋಲ್ಟ್‌ಗೆ ಸಾಂದ್ರತೆ ಸುಮಾರು 10 ಪಟ್ಟು ಏರುತ್ತದೆ. ಅಲ್ಲಿ 150 ಮಿಲಿವೋಲ್ಟ್ ಆಸುಪಾಸು ಇರುವುದರಿಂದ ನೂರಾರು ಪಟ್ಟು ಒಳಸೇರುತ್ತದೆ. ಸರಪಳಿಯ ಉದ್ದವೂ ಮುಖ್ಯ. ಧನ ತುದಿ ಪೊರೆಯ ಮೇಲ್ಮೈಯಲ್ಲೇ ನಿಲ್ಲುತ್ತದೆ, ತಲೆ ಮಾತ್ರ ಕೊಬ್ಬಿನ ನಡುವಿಗೆ ಚಾಚಬೇಕು. ಸರಪಳಿ ಗಿಡ್ಡವಾದರೆ ಪೊರೆಯ ಕೊಬ್ಬನ್ನು ಒಂದರ ಹಿಂದೊಂದು ಕೆಡಿಸುವ ಪೆರಾಕ್ಸೈಡ್ ಸರಣಿ ಓಡುವ ಜಾಗ ಎಟುಕದು. ನಿಜವಾಗಿ ದುಡಿಯುವುದು ಆ ತಲೆ ಹೈಡ್ರೋಜನ್ ಹೊತ್ತ ಕ್ವಿನಾಲ್ ರೂಪ. ಹೈಡ್ರೋಜನ್ ಕೊಟ್ಟು ಬರಿದಾದದ್ದನ್ನು ಮೈಟೊಕಾಂಡ್ರಿಯದ ಉಸಿರಾಟದ ಸರಪಳಿಯ ಕಾಂಪ್ಲೆಕ್ಸ್ 2 ಎಂಬ ಕಿಣ್ವ ಮತ್ತೆ ತುಂಬಿಕೊಡುತ್ತದೆ.

ಪ್ರಮಾಣ ಮೀರಿದರೆ ಅದೇ ಧನ ಅಣು ಪೊರೆಯ ವೋಲ್ಟೇಜನ್ನೇ ಇಳಿಸುತ್ತದೆ. 2010ರಲ್ಲಿ ಪ್ರಕಟವಾದ 12 ತಿಂಗಳ ಪರೀಕ್ಷೆಯಲ್ಲಿ ದಿನಕ್ಕೆ 40 ಇಲ್ಲವೇ 80 ಮಿ.ಗ್ರಾಂ ಮೈಟೊಕ್ಯೂ ಕೊಟ್ಟರೂ ಪಾರ್ಕಿನ್ಸನ್ ರೋಗ ನಿಧಾನವಾಗಲಿಲ್ಲ. ಪೂರಕ ಆಹಾರವೆಂದು ಆನ್‌ಲೈನ್‌ನಲ್ಲಿ ಮಾರುವುದನ್ನು ನಂಬಿ ವೈದ್ಯರು ಕೊಟ್ಟ ಮಾತ್ರೆ ಬಿಡಬೇಡಿ.