ಒಂದೇ ಕೀಬೋರ್ಡ್, ಹಲವು ಯಂತ್ರಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೇಜಿನ ಮೇಲೆ ವಿಂಡೋಸ್ ಡೆಸ್ಕ್‌ಟಾಪ್, ಮ್ಯಾಕ್‌ಬುಕ್, ಐಪ್ಯಾಡ್ ಮೂರೂ ಇವೆ. ಒಂದೇ ಕೀಬೋರ್ಡ್, ಒಂದೇ ಟ್ರ್ಯಾಕ್‌ಪ್ಯಾಡ್‌ನಲ್ಲಿ ಮೂರನ್ನೂ ನಡೆಸಲು ಆದೀತೆ? ಒಬ್ಬೊಬ್ಬರು ಒಂದೊಂದು ಆ್ಯಪ್ ಹೆಸರು ಹೇಳುತ್ತಾರೆ.

ಉತ್ತರ: ಆಗುತ್ತದೆ. ಆದರೆ ಆ್ಯಪ್ ಹುಡುಕುವುದಕ್ಕೆ ಮೊದಲು ನಿಮ್ಮ ಮೂರು ಯಂತ್ರಗಳಲ್ಲಿ ಅತಿ ಕಟ್ಟುನಿಟ್ಟಿನದು ಯಾವುದೆಂದು ನೋಡಿ. ಇಲ್ಲಿ ಅದು ಐಪ್ಯಾಡ್. ಒಂದು ಆ್ಯಪ್ ಇನ್ನೊಂದು ಆ್ಯಪ್‌ನೊಳಗೆ ಕೀಲಿ ಒತ್ತಲು ಐಪ್ಯಾಡ್‌ಓಎಸ್ ಬಿಡುವುದಿಲ್ಲ. ಹಾಗಾಗಿ ಒಂದು ಕಂಪ್ಯೂಟರ್‌ನ ಕೀಬೋರ್ಡ್, ಪಾಯಿಂಟರ್‌ಗಳನ್ನು ಜಾಲದ ಮೂಲಕ ಇನ್ನೊಂದಕ್ಕೆ ಚೆನ್ನಾಗಿ ದಾಟಿಸುವ ಡೆಸ್ಕ್‌ಫ್ಲೋದಂಥ ತಂತ್ರಾಂಶ ಐಪ್ಯಾಡ್‌ಗೆ ಉಪಯೋಗವಿಲ್ಲ. ಅದಕ್ಕಿರುವ ದಾರಿ ಮೂರೇ: ಮ್ಯಾಕ್‌ನಿಂದ ಯೂನಿವರ್ಸಲ್ ಕಂಟ್ರೋಲ್ (ಆ್ಯಪಲ್ ಯಂತ್ರಗಳಲ್ಲೇ ಇರುವ ಹಂಚಿಕೆ ಸೌಲಭ್ಯ), ಬ್ಲೂಟೂತ್, ಇಲ್ಲವೇ ಯುಎಸ್‌ಬಿ ಕೇಬಲ್.

ನಿಮ್ಮ ಜೋಡಣೆಗೆ ನನ್ನ ಸಲಹೆ ಇದು. ಕೀಬೋರ್ಡ್ ಮತ್ತು ಟ್ರ್ಯಾಕ್‌ಪ್ಯಾಡ್ ಎರಡನ್ನೂ ಮ್ಯಾಕ್‌ಗೇ ಕೊಡಿ. ಐಪ್ಯಾಡನ್ನು ಯೂನಿವರ್ಸಲ್ ಕಂಟ್ರೋಲ್ ಮೂಲಕ ಬಲ ಅಂಚಿಗೂ ವಿಂಡೋಸ್ ಯಂತ್ರವನ್ನು ಡೆಸ್ಕ್‌ಫ್ಲೋ ಮೂಲಕ ಎಡ ಅಂಚಿಗೂ ಇಡಿ. ಎರಡನ್ನೂ ಒಂದೇ ಅಂಚಿಗೆ ಕೊಟ್ಟರೆ ಪಾಯಿಂಟರ್ ಎತ್ತ ಹೋಗುತ್ತದೆಂದು ಹೇಳಲಾಗದು. ಕೀಬೋರ್ಡನ್ನು ವಿಂಡೋಸ್‌ಗೆ ಸಿಕ್ಕಿಸಿ ಅಲ್ಲಿಂದ ಮ್ಯಾಕ್, ಮ್ಯಾಕ್‌ನಿಂದ ಐಪ್ಯಾಡ್ ಎಂದು ಸರಪಳಿ ಮಾಡಲು ಹೋಗಬೇಡಿ.

ಡೆಸ್ಕ್‌ಫ್ಲೋ ಹೊಂದಿಸುವ ಕ್ರಮ: ಎರಡೂ ಕಡೆ ಒಂದೇ ಆವೃತ್ತಿ ಹಾಕಿ. ಕೀಬೋರ್ಡ್ ಇರುವ ಯಂತ್ರವೇ ಸರ್ವರ್, ಅಂದರೆ ನಿಮ್ಮಲ್ಲಿ ಮ್ಯಾಕ್. ಅದರ ಪ್ರೈವಸಿ ಸೆಟ್ಟಿಂಗ್‌ನಲ್ಲಿ ಆ್ಯಕ್ಸೆಸಿಬಿಲಿಟಿ ಅನುಮತಿ ಕೊಡಿ, ಲೋಕಲ್ ನೆಟ್‌ವರ್ಕ್ ಅನುಮತಿ ಕೇಳಿದರೆ ಅದನ್ನೂ ಕೊಡಿ. ಸರ್ವರ್‌ನ ಚೌಕಗಳ ನಕ್ಷೆಯಲ್ಲಿ ಮ್ಯಾಕ್‌ನ ಎಡಕ್ಕೆ ಹೊಸ ಪರದೆಯೊಂದನ್ನು ಎಳೆದು ಹಾಕಿ, ವಿಂಡೋಸ್ ಕಡೆಯ ಡೆಸ್ಕ್‌ಫ್ಲೋ ತೋರಿಸುವ ಹೆಸರನ್ನೇ ಅಕ್ಷರ ತಪ್ಪದೆ ಅದಕ್ಕಿಡಿ. ಕನೆಕ್ಷನ್ ಕೈಕೊಡುವುದು ಹೆಚ್ಚಾಗಿ ಈ ಹೆಸರಿನಲ್ಲೇ. ಆಮೇಲೆ ವಿಂಡೋಸ್‌ನಲ್ಲಿ ಮ್ಯಾಕ್‌ನ ಐಪಿ ವಿಳಾಸ ಬರೆದು ಸ್ಟಾರ್ಟ್ ಒತ್ತಿ. ಫಿಂಗರ್‌ಪ್ರಿಂಟ್ ಎಂಬ ಉದ್ದನೆಯ ಸಾಲು ಬಂದಾಗ ಎರಡೂ ಪರದೆಗಳಲ್ಲಿ ಹೋಲಿಸಿ ನೋಡಿ ಒಪ್ಪಿಕೊಳ್ಳಿ. ನೀವು ಒತ್ತುವ ಪಾಸ್‌ವರ್ಡ್ ಕೂಡ ಇದೇ ದಾರಿಯಲ್ಲಿ ಹೋಗುವುದರಿಂದ ಟಿಎಲ್‌ಎಸ್ ಗೂಢಲಿಪೀಕರಣವನ್ನು ಎಂದೂ ಆಫ್ ಮಾಡಬೇಡಿ. ಸರ್ವರ್‌ನ ಫೈರ್‌ವಾಲ್‌ನಲ್ಲಿ ಟಿಸಿಪಿ 24800 ಪೋರ್ಟ್ ಒಳಜಾಲಕ್ಕೆ ಮಾತ್ರ ತೆರೆದಿರಲಿ, ರೂಟರ್ ಮೂಲಕ ಇಂಟರ್ನೆಟ್‌ಗೆ ಅದನ್ನು ಬಿಡಲೇಬಾರದು. ಮ್ಯಾಕ್‌ಗೆ ರೂಟರ್‌ನಲ್ಲಿ ಖಾಯಂ ಐಪಿ ಕಾದಿರಿಸಿಬಿಡಿ, ಇಲ್ಲವಾದರೆ ರೂಟರ್ ಮರುಚಾಲೂ ಆದ ದಿನ ಸಂಪರ್ಕ ತಪ್ಪುತ್ತದೆ.

ಒಂದು ಕೊರತೆ ಮೊದಲೇ ತಿಳಿದಿರಲಿ. ಡೆಸ್ಕ್‌ಫ್ಲೋ ದಾಟಿಸುವುದು ಪಾಯಿಂಟರ್‌ನ ಚಲನೆ, ಗುಂಡಿ, ಸ್ಕ್ರಾಲ್ ಇಷ್ಟನ್ನೇ. ಎರಡು ಬೆರಳಿನ ಜೂಮ್, ಮೂರು ಬೆರಳಿನ ಸವರುವಿಕೆ ವಿಂಡೋಸ್ ಕಡೆಗೆ ಹೋಗುವುದಿಲ್ಲ. ಕಂಟ್ರೋಲ್ ಮತ್ತು ಕಮಾಂಡ್ ಕೀಲಿಗಳ ಗೊಂದಲಕ್ಕೆ ಮಾತ್ರ ಪರಿಹಾರವಿದೆ: ಸರ್ವರ್ ನಕ್ಷೆಯಲ್ಲಿ ವಿಂಡೋಸ್ ಪರದೆಯ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಮಾಡಿಫೈಯರ್ ಕೀಲಿಗಳಲ್ಲಿ ಸೂಪರ್ (ಮ್ಯಾಕ್‌ನ ಕಮಾಂಡ್ ಕೀಲಿ) ಎಂಬುದನ್ನು ಕಂಟ್ರೋಲ್ ಎಂದೂ ಕಂಟ್ರೋಲ್ ಎಂಬುದನ್ನು ಸೂಪರ್ ಎಂದೂ ಬದಲಿಸಿ. ಆಗ ಕಾಪಿ, ಪೇಸ್ಟ್ ಎರಡೂ ಕಡೆ ಒಂದೇ ಬೆರಳಿನ ಅಭ್ಯಾಸದಲ್ಲಿ ನಡೆಯುತ್ತವೆ.

ಪ್ರಶ್ನೆ: ಮ್ಯಾಕ್ ಮತ್ತು ಐಪ್ಯಾಡ್ ಅಕ್ಕಪಕ್ಕವೇ ಇವೆ. ಯೂನಿವರ್ಸಲ್ ಕಂಟ್ರೋಲ್ ಆನ್ ಮಾಡಿದ್ದೇನೆ. ಪಾಯಿಂಟರ್ ಅಂಚಿನಲ್ಲೇ ನಿಂತುಬಿಡುತ್ತದೆ.

ಉತ್ತರ: ಮೊದಲು ಆವೃತ್ತಿ ನೋಡಿ. ಈ ಸೌಲಭ್ಯ ಬಂದದ್ದು 2022ರ ಮಾರ್ಚ್‌ನಲ್ಲಿ, ಮ್ಯಾಕ್‌ಓಎಸ್ 12.3 ಮತ್ತು ಐಪ್ಯಾಡ್‌ಓಎಸ್ 15.4 ಜೊತೆಗೆ. ಅದಕ್ಕಿಂತ ಹಳೆಯದು ಯಾವುದೇ ಒಂದು ಕಡೆ ಇದ್ದರೂ ಆಗದು. ಎರಡೂ ಒಂದೇ ಆ್ಯಪಲ್ ಖಾತೆಯಲ್ಲಿರಬೇಕು, ಖಾತೆಗೆ ಎರಡು ಹಂತದ ದೃಢೀಕರಣ ಇರಬೇಕು. ವೈಫೈ, ಬ್ಲೂಟೂತ್, ಹ್ಯಾಂಡಾಫ್ ಮೂರೂ ಎರಡೂ ಕಡೆ ಆನ್ ಆಗಿರಬೇಕು. ಅಂತರ 10 ಮೀಟರ್ ಮೀರಬಾರದು.

ಇಷ್ಟೆಲ್ಲ ಸರಿ ಇದ್ದೂ ಆಗದಿದ್ದರೆ ಹಾಟ್‌ಸ್ಪಾಟ್ ಪರೀಕ್ಷಿಸಿ. ಐಪ್ಯಾಡ್ ತನ್ನ ಸಿಮ್‌ನ ಡೇಟಾ ಹಂಚುತ್ತಿದ್ದರೆ, ಅಥವಾ ಮ್ಯಾಕ್ ತನ್ನ ಇಂಟರ್ನೆಟ್ ಹಂಚುತ್ತಿದ್ದರೆ ಯೂನಿವರ್ಸಲ್ ಕಂಟ್ರೋಲ್ ಕೆಲಸ ಮಾಡದು. ಜನ ಗಮನಿಸದೆ ಬಿಡುವ ಷರತ್ತು ಇದೇ. ಐಪ್ಯಾಡ್‌ನ ಸೆಟ್ಟಿಂಗ್ಸ್‌ನ ಜನರಲ್ ವಿಭಾಗದಲ್ಲಿ, ಏರ್‌ಪ್ಲೇ ಇರುವ ಪುಟದಲ್ಲಿ, ಕರ್ಸರ್ ಮತ್ತು ಕೀಬೋರ್ಡ್ ಎಂಬ ಪ್ರತ್ಯೇಕ ಸ್ವಿಚ್ ಕೂಡ ಇದೆ. ಅದೂ ಆನ್ ಇರಲಿ. ಮ್ಯಾಕ್‌ನಲ್ಲಿ ಡಿಸ್‌ಪ್ಲೇಸ್ ಪುಟದ ಅಡ್ವಾನ್ಸ್ಡ್ ಗುಂಡಿಯೊಳಗೆ ಮೂರು ಆಯ್ಕೆಗಳಿವೆ. ಮೊದಲೆರಡು ಕಡ್ಡಾಯವಾಗಿ ಆನ್ ಇರಲಿ. ತಾನಾಗಿ ಮರುಸಂಪರ್ಕಿಸುವ ಮೂರನೆಯದು ನಿಮ್ಮಿಷ್ಟ.

ಪಾಯಿಂಟರನ್ನು ಅಂಚಿಗೆ ತಾಗಿಸಿದರೆ ಸಾಲದು, ಅಂಚಿನಾಚೆಗೆ ಒತ್ತುತ್ತಲೇ ಇರಬೇಕು. ಆಗ ಐಪ್ಯಾಡ್ ಅಂಚಿನಲ್ಲಿ ಉಬ್ಬಿದಂತೆ ಪಾಯಿಂಟರ್ ಕಾಣಿಸುತ್ತದೆ, ಇನ್ನೂ ಒತ್ತಿದರೆ ದಾಟುತ್ತದೆ. ಒಮ್ಮೆ ದಾಟಿದ ಮೇಲೆ ಡಿಸ್‌ಪ್ಲೇಸ್ ಪುಟದಲ್ಲಿ ಐಪ್ಯಾಡ್ ಚಿತ್ರವನ್ನು ಅದು ನಿಜವಾಗಿ ಇರುವ ಬದಿಗೆ ಎಳೆದಿಡಿ. ವೈರ್‌ಲೆಸ್ ದಟ್ಟಣೆ ಇರುವಲ್ಲಿ ಯುಎಸ್‌ಬಿ ಕೇಬಲ್‌ನಿಂದಲೂ ಇದೇ ಕೆಲಸ ಆಗುತ್ತದೆ. ಐಪ್ಯಾಡ್‌ನಲ್ಲಿ ಆ ಮ್ಯಾಕನ್ನು ನಂಬುವುದಾಗಿ ಒಪ್ಪಿಗೆ ಕೊಟ್ಟಿರಬೇಕು ಅಷ್ಟೆ. ಬೆರಳ ಸನ್ನೆಗಳು ಇಲ್ಲಿ ಪೂರ್ತಿಯಾಗಿ ದಾಟುತ್ತವೆ. ಆ್ಯಪಲ್ ಯಂತ್ರಗಳಷ್ಟೇ ಇರುವವರು ಬೇರೇನನ್ನೂ ಹುಡುಕಬೇಕಿಲ್ಲ ಎನ್ನಲು ನನಗೆ ಇದೊಂದೇ ಕಾರಣ ಸಾಕು.

ಪ್ರಶ್ನೆ: ಎರಡು ವಿಂಡೋಸ್ ಕಂಪ್ಯೂಟರ್‌ಗಳಿಗೆ ಅತಿ ಸುಲಭದ ದಾರಿ ಯಾವುದು?

ಉತ್ತರ: ಮೈಕ್ರೋಸಾಫ್ಟ್‌ನ ಪವರ್‌ಟಾಯ್ಸ್‌ನಲ್ಲಿರುವ ಮೌಸ್ ವಿತೌಟ್ ಬಾರ್ಡರ್ಸ್. ಉಚಿತ, ನಾಲ್ಕು ಯಂತ್ರಗಳವರೆಗೆ ನಡೆಯುತ್ತದೆ. ಒಂದರಲ್ಲಿ ಹೊಸ ಭದ್ರತಾ ಕೀ ಸೃಷ್ಟಿಸಿ, ಇನ್ನೊಂದರಲ್ಲಿ ಆ ಕೀ ಮತ್ತು ಮೊದಲನೆಯದರ ಹೆಸರು ಬರೆದು ಕನೆಕ್ಟ್ ಒತ್ತಿ. ಹೆಸರು ಸಿಗದಿದ್ದರೆ ಐಪಿ ನಕ್ಷೆಯ ಜಾಗದಲ್ಲಿ ಹೆಸರಿನ ಪಕ್ಕ ವಿಳಾಸ ಬರೆಯಿರಿ. ಫೈಲ್ ಕೂಡ ದಾಟಿಸಬಹುದು, ಆದರೆ ಒಂದು ಸಲಕ್ಕೆ ಒಂದೇ, ಅದೂ 100 ಎಂಬಿ ಒಳಗಿನದು. ಸರ್ವಿಸ್ ಆಗಿ ನಡೆಸುವ ಆಯ್ಕೆಯನ್ನು ಅಡ್ಮಿನಿಸ್ಟ್ರೇಟರ್ ಆಗಿ ಆನ್ ಮಾಡಿಕೊಳ್ಳಿ. ಇಲ್ಲದಿದ್ದರೆ ಲಾಕ್ ಪರದೆಯಲ್ಲಿ ಮತ್ತು ಅಡ್ಮಿನ್ ಅನುಮತಿಯ ಕಿಟಕಿಗಳಲ್ಲಿ ಕೀಬೋರ್ಡ್ ಸತ್ತಂತಾಗುತ್ತದೆ.

ಪ್ರಶ್ನೆ: ಡೆಸ್ಕ್‌ಫ್ಲೋ ದಿನವಿಡೀ ಸರಿಯಾಗಿರುತ್ತದೆ. ಕೆಲವೊಮ್ಮೆ ಮಾತ್ರ ಪಾಯಿಂಟರ್ ದಾಟುತ್ತದೆ, ಅಕ್ಷರ ಮೂಡುವುದಿಲ್ಲ. ಸರ್ವರ್ ಮ್ಯಾಕ್‌ನಲ್ಲಿದೆ.

ಉತ್ತರ: ಮ್ಯಾಕ್‌ನಲ್ಲಿ ಯಾವುದೋ ಪಾಸ್‌ವರ್ಡ್ ಪೆಟ್ಟಿಗೆ ತೆರೆದುಕೊಂಡಿರಬಹುದು. ಪಾಸ್‌ವರ್ಡ್ ಜಾಗದಲ್ಲಿ ಕರ್ಸರ್ ಇರುವಷ್ಟು ಹೊತ್ತು ಬೇರೆ ತಂತ್ರಾಂಶಗಳು ಕೀಲಿಗಳನ್ನು ಓದದಂತೆ ಮ್ಯಾಕ್‌ಓಎಸ್ ತಡೆಯುತ್ತದೆ. ಬ್ರೌಸರ್‌ನಲ್ಲಿ ಅರ್ಧಕ್ಕೆ ಬಿಟ್ಟ ಲಾಗಿನ್ ಪುಟ, ಪಾಸ್‌ವರ್ಡ್ ಮ್ಯಾನೇಜರ್‌ನ ಕಿಟಕಿ, ಟರ್ಮಿನಲ್‌ನಲ್ಲಿ ಸೆಕ್ಯೂರ್ ಕೀಬೋರ್ಡ್ ಎಂಟ್ರಿ ಆಯ್ಕೆ, ಇವುಗಳನ್ನು ನೋಡಿ ಮುಚ್ಚಿ. ಇದು ದೋಷವಲ್ಲ, ಭದ್ರತೆ. ಹಾಗಾಗಿ ಸುತ್ತುದಾರಿ ಹುಡುಕಬೇಡಿ.

ಅಕ್ಷರದ ಬದಲು ಶಾರ್ಟ್‌ಕಟ್‌ಗಳು ನಡೆಯತೊಡಗಿದರೆ ಅದು ಬೇರೆ ಕಾರಣ: ಕಂಟ್ರೋಲ್ ಅಥವಾ ಆಲ್ಟ್ ಒತ್ತಿಕೊಂಡೇ ದಾಟಿದಾಗ ಕೀಲಿ ಬಿಟ್ಟ ಸುದ್ದಿ ಹಿಂದಿನ ಯಂತ್ರಕ್ಕೆ ತಲುಪಿರುವುದಿಲ್ಲ. ಅಲ್ಲಿಗೆ ಮರಳಿ ಎರಡೂ ಬದಿಯ ಕಂಟ್ರೋಲ್, ಆಲ್ಟ್, ಶಿಫ್ಟ್ ಒಂದೊಂದು ಸಲ ಒತ್ತಿ ಬಿಡಿ.

ಪ್ರಶ್ನೆ: ಒಂದು ಯಂತ್ರದ ಕೀಬೋರ್ಡ್‌ನಿಂದ ಇನ್ನೊಂದರಲ್ಲಿ ಕನ್ನಡ ಟೈಪ್ ಮಾಡಿದರೆ ಕೆಲವು ಅಕ್ಷರ ಬರುತ್ತವೆ, ಕೆಲವು ಬರುವುದಿಲ್ಲ. ಏಕೆ?

ಉತ್ತರ: ಕೀಬೋರ್ಡ್‌ನ ತಂತಿಯಲ್ಲಿ ಹೋಗುವುದು ಅಕ್ಷರವಲ್ಲ, ಕೀಲಿಯ ಜಾಗದ ಸಂಖ್ಯೆ. ಅದನ್ನು ಕನ್ನಡ ಅಕ್ಷರವಾಗಿಸುವುದು ಕಂಪ್ಯೂಟರ್‌ನ ಲೇಔಟ್. ಡೆಸ್ಕ್‌ಫ್ಲೋ ಈ ಕೆಲಸದ ನಡುವೆ ಬರುತ್ತದೆ. ಸರ್ವರ್‌ನಲ್ಲಿ ಆ ಕೀಲಿ ಯಾವ ಅಕ್ಷರವಾಯಿತೋ ಅದನ್ನು ಕಳಿಸುತ್ತದೆ, ಆಚೆಯ ಯಂತ್ರ ಆ ಅಕ್ಷರ ಮೂಡಿಸುವ ಕೀಲಿಯನ್ನು ತನ್ನಲ್ಲಿ ಹುಡುಕುತ್ತದೆ. ಒಂದು ಕಡೆ ಇನ್‌ಸ್ಕ್ರಿಪ್ಟ್, ಇನ್ನೊಂದು ಕಡೆ ಇಂಗ್ಲಿಷ್ ಮಾತ್ರ ಇದ್ದರೆ ಆ ಹುಡುಕಾಟ ಸೋಲುತ್ತದೆ. ಎರಡೂ ಯಂತ್ರಗಳಿಗೆ ಅವೇ ಲೇಔಟ್‌ಗಳನ್ನು ಸೇರಿಸಿಕೊಳ್ಳುವುದು ಮೊದಲ ಪ್ರಯತ್ನ. ದಿನಕ್ಕೆ ಪುಟಗಟ್ಟಲೆ ಕನ್ನಡ ಬರೆಯುವವರಿಗೆ ನಾನು ಹೇಳುವುದು ಯುಎಸ್‌ಬಿ ಸ್ವಿಚ್ ಅಥವಾ ಬಹುಚಾನೆಲ್ ಬ್ಲೂಟೂತ್ ಕೀಬೋರ್ಡ್. ಅಲ್ಲಿ ಜಾಗದ ಸಂಖ್ಯೆ ನೇರವಾಗಿ ಆಯಾ ಯಂತ್ರಕ್ಕೇ ಹೋಗುವುದರಿಂದ ಎದುರಿನ ಪರದೆಯಲ್ಲಿ ಯಾವ ಲೇಔಟ್ ಇದೆಯೋ ಅದೇ ನಡೆಯುತ್ತದೆ.

ಅಲ್ಪಸ್ವಲ್ಪ ಬರವಣಿಗೆಗಾದರೆ ಸರ್ವರ್‌ನಲ್ಲೇ ಟೈಪಿಸಿ ಕಾಪಿ ಮಾಡಿ, ಆಚೆ ದಾಟಿ ಪೇಸ್ಟ್ ಮಾಡಿ. ಕ್ಲಿಪ್‌ಬೋರ್ಡ್ ಹಂಚಿಕೆಯಲ್ಲಿ ಯೂನಿಕೋಡ್ ಪಠ್ಯ ಕೆಡದೆ ಹೋಗುತ್ತದೆ. ಯೂನಿಕೋಡ್ ಅಲ್ಲದ ಹಳೆಯ ಆನ್ಸಿ ಫಾಂಟ್‌ನಲ್ಲಿ ಬರೆದದ್ದಾದರೆ ಆಚೆ ಅದೇ ಫಾಂಟ್ ಇರಬೇಕು, ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ.

ಪ್ರಶ್ನೆ: ಕಚೇರಿ ಲ್ಯಾಪ್‌ಟಾಪ್‌ನಲ್ಲಿ ಯಾವ ತಂತ್ರಾಂಶವನ್ನೂ ಹಾಕುವಂತಿಲ್ಲ. ಒಂದೇ ಕೀಬೋರ್ಡ್, ಮಾನಿಟರ್, ಮೌಸ್‌ಗಳನ್ನು ಹಲವು ಕಂಪ್ಯೂಟರ್‌ಗಳಿಗೆ ಬದಲಿಸಿ ಕೊಡುವ ಕೆವಿಎಂ ಸ್ವಿಚ್ ತಂದರೆ ಟ್ರ್ಯಾಕ್‌ಪ್ಯಾಡ್‌ನ ಸನ್ನೆಗಳೇ ನಿಂತುಹೋದವು.

ಉತ್ತರ: ಟ್ರ್ಯಾಕ್‌ಪ್ಯಾಡನ್ನು ಮೌಸ್ ಚಿತ್ರವಿರುವ ಪೋರ್ಟ್‌ಗೆ ಸಿಕ್ಕಿಸಿದ್ದೀರಿ ಎಂದು ತೋರುತ್ತದೆ. ಅನೇಕ ಕೆವಿಎಂಗಳಲ್ಲಿ ಆ ಪೋರ್ಟ್ ನಿಮ್ಮ ಟ್ರ್ಯಾಕ್‌ಪ್ಯಾಡನ್ನು ಮರೆಮಾಡಿ, ಕಂಪ್ಯೂಟರ್‌ಗೆ ಒಂದು ಸಾದಾ ಮೌಸ್ ಇದೆಯೆಂದು ತೋರಿಸುತ್ತದೆ. ಬದಲಾವಣೆ ತಕ್ಷಣ ಆಗಲೆಂದು ಮಾಡಿದ ಏರ್ಪಾಡು ಅದು. ಅದರ ಬೆಲೆ ಸನ್ನೆಗಳು. ಟ್ರ್ಯಾಕ್‌ಪ್ಯಾಡನ್ನು ಅದೇ ಸ್ವಿಚ್‌ನ ಸಾಮಾನ್ಯ ಯುಎಸ್‌ಬಿ ಹಬ್ ಪೋರ್ಟ್‌ಗೆ ಹಾಕಿ. ಬದಲಿಸಿದಾಗ ಯಂತ್ರ ಅದನ್ನು ಹೊಸದಾಗಿ ಗುರುತಿಸಬೇಕಾಗಿ ಒಂದೆರಡು ಸೆಕೆಂಡು ಹಿಡಿಯುತ್ತದೆ, ಆದರೆ ಸನ್ನೆಗಳು ಮರಳುತ್ತವೆ. ಕೀಬೋರ್ಡ್ ಮಾತ್ರ ತನ್ನ ಪೋರ್ಟ್‌ನಲ್ಲೇ ಇರಲಿ. ಸ್ಕ್ರಾಲ್ ಲಾಕ್ ಎರಡು ಸಲ ಒತ್ತಿ ಬದಲಿಸುವಂಥ ಹಾಟ್‌ಕೀಗಳನ್ನು ಸ್ವಿಚ್ ಓದುವುದು ಅಲ್ಲಿಂದಲೇ.

ನಿಮ್ಮ ಮಾನಿಟರ್‌ಗೆ ಎರಡು ಇನ್‌ಪುಟ್ ಇದ್ದರೆ ಕೆವಿಎಂ ಬೇಕೇ ಇಲ್ಲ, ಬರೀ ಯುಎಸ್‌ಬಿ ಸ್ವಿಚ್ ಸಾಕು. ಕೀಬೋರ್ಡ್, ಟ್ರ್ಯಾಕ್‌ಪ್ಯಾಡ್‌ಗೆ ಯುಎಸ್‌ಬಿ 2.0 ಧಾರಾಳ. ಟೈಪ್-ಸಿ ಐಪ್ಯಾಡನ್ನೂ ಇದೇ ಸ್ವಿಚ್‌ಗೆ ಸೇರಿಸಬಹುದು. ಹೆಚ್ಚು ವಿದ್ಯುತ್ ಬೇಕೆಂಬ ಸೂಚನೆ ಬಂದರೆ ಸ್ವಿಚ್‌ಗೆ ಪ್ರತ್ಯೇಕ 5 ವೋಲ್ಟ್ ಅಡಾಪ್ಟರ್ ಕೊಡಿ, ಕೀಬೋರ್ಡ್‌ನ ಬೆಳಕು ಆರಿಸಿ. ವಿಂಡೋಸ್ ಚಾಲೂ ಆಗುವ ಮೊದಲಿನ ಬಯಾಸ್ ಪರದೆ, ಡಿಸ್ಕ್‌ನ ಬೀಗವಾದ ಬಿಟ್‌ಲಾಕರ್ ಪಿನ್ ಕೇಳುವ ಪರದೆಗಳಲ್ಲಿ ತಂತ್ರಾಂಶದ ಹಂಚಿಕೆ ಇನ್ನೂ ಚಾಲೂ ಆಗಿರುವುದಿಲ್ಲ, ಸ್ವಿಚ್ ಅಲ್ಲೂ ನಡೆಯುತ್ತದೆ. ಸ್ವಿಚ್ ಬಳಕೆಗೂ ಕಚೇರಿಯ ಅನುಮತಿ ಕೇಳಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಲ್ಯಾಪ್‌ಟಾಪ್‌ನ ಸ್ವಂತ ಕೀಬೋರ್ಡ್, ಟ್ರ್ಯಾಕ್‌ಪ್ಯಾಡ್‌ನಿಂದಲೇ ಆ್ಯಂಡ್ರಾಯ್ಡ್ ಟ್ಯಾಬ್ಲೆಟ್ ನಡೆಸಬಹುದೇ?

ಉತ್ತರ: ಎಸ್‌ಸಿಆರ್‌ಸಿಪಿವೈ ಎಂಬ ಉಚಿತ ತಂತ್ರಾಂಶದ ಓಟಿಜಿ ವಿಧಾನ (ಲ್ಯಾಪ್‌ಟಾಪನ್ನೇ ಟ್ಯಾಬ್ಲೆಟ್‌ನ ಯುಎಸ್‌ಬಿ ಕೀಬೋರ್ಡ್, ಮೌಸ್‌ನಂತೆ ತೋರಿಸುವುದು) ಇದಕ್ಕೇ ಇದೆ. ಟ್ಯಾಬ್ಲೆಟನ್ನು ಡೇಟಾ ಸಾಗಿಸುವ ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ, ಆಜ್ಞೆಯ ಕೊನೆಗೆ ಎರಡು ಅಡ್ಡಗೆರೆ ಹಾಕಿ ಓಟಿಜಿ ಎಂದು ಸೇರಿಸಿ ಚಾಲೂ ಮಾಡಿ. ಯುಎಸ್‌ಬಿ ಡೀಬಗಿಂಗ್ ಆನ್ ಮಾಡುವ ಅಗತ್ಯವಿಲ್ಲ. ಕಿಟಕಿಯೊಳಗೆ ಕ್ಲಿಕ್ ಮಾಡಿದರೆ ಪಾಯಿಂಟರ್ ಟ್ಯಾಬ್ಲೆಟ್‌ಗೆ ಹೋಗುತ್ತದೆ, ಎಡ ಆಲ್ಟ್ ಒತ್ತಿದರೆ ಮರಳುತ್ತದೆ. ವಿಂಡೋಸ್‌ನಲ್ಲಿ ಸಾಧನ ತೆರೆಯಲಾಗಲಿಲ್ಲ ಎಂದರೆ ಹಿನ್ನೆಲೆಯಲ್ಲಿ ಎಡಿಬಿ (ಕಂಪ್ಯೂಟರ್‌ನಿಂದ ಆ್ಯಂಡ್ರಾಯ್ಡ್ ಸಾಧನಕ್ಕೆ ಆಜ್ಞೆ ಕಳಿಸುವ ಉಪಕರಣ) ಅದನ್ನು ಹಿಡಿದುಕೊಂಡಿದೆ ಎಂದರ್ಥ. ಎಡಿಬಿ ಸರ್ವರ್ ನಿಲ್ಲಿಸಿ ಮತ್ತೆ ಪ್ರಯತ್ನಿಸಿ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಬುಕ್ ಮತ್ತು ಗ್ಯಾಲಕ್ಸಿ ಟ್ಯಾಬ್ ಎರಡೂ ಇರುವವರು ಮಲ್ಟಿ ಕಂಟ್ರೋಲ್ ಬಳಸಬಹುದು. ಎರಡೂ ಒಂದೇ ಸ್ಯಾಮ್‌ಸಂಗ್ ಖಾತೆಯಲ್ಲಿ, ಒಂದೇ ವೈಫೈಯಲ್ಲಿ ಇರಬೇಕು.

ಪ್ರಶ್ನೆ: ಪಾಯಿಂಟರ್ ತಡೆದು ತಡೆದು ಓಡುತ್ತದೆ. ಬೇಡದಾಗ ಪಕ್ಕದ ಪರದೆಗೂ ಜಾರುತ್ತದೆ.

ಉತ್ತರ: ತಡೆಗೆ ವೈಫೈ ಕಾರಣವೋ ವೈರ್‌ಲೆಸ್ ಕೀಬೋರ್ಡ್, ಮೌಸ್‌ನ ಯುಎಸ್‌ಬಿ ರಿಸೀವರ್ ಕಾರಣವೋ ಮೊದಲು ಬೇರೆ ಮಾಡಿ. ಕೀಬೋರ್ಡ್ ಸಿಕ್ಕಿಸಿದ ಯಂತ್ರದಲ್ಲೇ ಪಾಯಿಂಟರ್ ತಡವರಿಸಿದರೆ ರಿಸೀವರ್ ನೋಡಿ. ಯುಎಸ್‌ಬಿ 3.0 ಪೋರ್ಟ್ ಮತ್ತು ಕೇಬಲ್‌ಗಳು ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ರೇಡಿಯೋ ಗದ್ದಲ ಸೂಸುತ್ತವೆ, ವೈರ್‌ಲೆಸ್ ಕೀಬೋರ್ಡ್‌ಗಳೂ ಬ್ಲೂಟೂತೂ ಇರುವುದು ಅದೇ ಪಟ್ಟಿಯಲ್ಲಿ. ರಿಸೀವರನ್ನು ಹಾರ್ಡ್ ಡಿಸ್ಕ್ ಪಕ್ಕದಿಂದ ತೆಗೆದು, ಚಿಕ್ಕ ಎಕ್ಸ್‌ಟೆನ್ಷನ್ ಕೇಬಲ್‌ನಲ್ಲಿ ಮೇಜಿನ ಮೇಲೆ ಇಡಿ. ದಾಟಿದ ಮೇಲೆ ಮಾತ್ರ ತಡೆ ಕಾಣಿಸಿದರೆ ಎರಡೂ ಯಂತ್ರಗಳನ್ನು 5 ಗಿಗಾಹರ್ಟ್ಸ್ ವೈಫೈಗೆ, ಸಾಧ್ಯವಾದರೆ ಲ್ಯಾನ್ ಕೇಬಲ್‌ಗೆ ಬದಲಿಸಿ. ಕಂಪ್ಯೂಟರ್‌ಗಳು ಒಂದನ್ನೊಂದು ಕಾಣುವುದೇ ಇಲ್ಲವೆಂದಾದರೆ ಗೆಸ್ಟ್ ವೈಫೈ, ಯಂತ್ರಗಳನ್ನು ಒಂದರಿಂದೊಂದು ಬೇರ್ಪಡಿಸುವ ರೂಟರ್‌ನ ಐಸೊಲೇಷನ್ ಆಯ್ಕೆ ಮತ್ತು ವಿಪಿಎನ್ ಪರೀಕ್ಷಿಸಿ.

ಜಾರುವುದಕ್ಕೆ ಡೆಸ್ಕ್‌ಫ್ಲೋದಲ್ಲಿ ದಾಟುವ ಮುನ್ನ ಕಾಯುವ ಅವಧಿಯನ್ನು 250 ಮಿಲಿಸೆಕೆಂಡಿಗೆ ಇಡಿ, ಮೂಲೆಗಳನ್ನು ನಿಷ್ಕ್ರಿಯ ಮಾಡಿ. ಪಾಯಿಂಟರ್ ಒಂದೇ ಪರದೆಯಲ್ಲಿ ಉಳಿಯಬೇಕಾದ ಕೆಲಸವಿದ್ದಾಗ ಸ್ಕ್ರಾಲ್ ಲಾಕ್ ಒತ್ತಿ. ಮತ್ತೆ ಒತ್ತುವವರೆಗೆ ಅದು ದಾಟುವುದಿಲ್ಲ.