ಹಳೆಯ ಕಿಟಕಿ ಗಾಜು ಬದಲಿಸುವ ಮೊದಲು

ಪಶ್ಚಿಮಕ್ಕೆ ಮುಖ ಮಾಡಿರುವ ಆರು ಕಿಟಕಿಗಳ ಹಳೆಯ ಗಾಜು ತೆಗೆಸಿ, ಜೋಡಿ ಪದರದ ಹೊಸ ಗಾಜು ಹಾಕಿಸಿದರೆ ಪರಿಸರಕ್ಕೆ ಒಳ್ಳೆಯದೇ ಎಂದು ಕೇಳಿದ್ದೀರಿ. ಬೆಂಗಳೂರಿನಲ್ಲಿ, ಅದೂ ಎಸಿ ಇಲ್ಲದ ಮನೆಗೆ, ನನ್ನ ಉತ್ತರ: ಈಗಲೇ ಬೇಡ. ಎಸಿಯೇ ಇಲ್ಲದಿದ್ದರೆ ಹೊಸ ಗಾಜಿನಿಂದ ಉಳಿಯುವ ವಿದ್ಯುತ್ ಅಷ್ಟಿಲ್ಲ, ಆ ಗಾಜು ತಯಾರಿಸಲು ಮಾತ್ರ ಬಹಳ ಇಂಧನ ಬೇಕು.

ಗಾಜು ಹುಟ್ಟುವುದೇ ಭಾರೀ ಬೆಂಕಿಯಲ್ಲಿ. ಮರಳು, ಸೋಡಾ ಆ್ಯಶ್, ಸುಣ್ಣಕಲ್ಲುಗಳನ್ನು ಸುಮಾರು 1,500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಬೇಕು. ಕುಲುಮೆ ಒಮ್ಮೆ ಹೊತ್ತಿತೆಂದರೆ ವರ್ಷಗಟ್ಟಲೆ ಹಗಲೂ ರಾತ್ರಿ ಉರಿಯುತ್ತದೆ. ಉರುವಲಿನಿಂದ ಮಾತ್ರವಲ್ಲ, ಸುಣ್ಣಕಲ್ಲು ಮತ್ತು ಸೋಡಾ ಆ್ಯಶ್ ವಿಭಜನೆಯಾಗುವಾಗಲೂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಹಳೆಯ ಗಾಜಿನ ಚೂರು ಬೆರೆಸಿದರೆ ಉರುವಲೂ ಕಡಿಮೆ, ಈ ಅನಿಲವೂ ಕಡಿಮೆ: ಪ್ರತಿ ಶೇ 10ರಷ್ಟು ಚೂರಿಗೆ ಇಂಧನ ಸುಮಾರು ಶೇ 2.5ರಿಂದ 3ರಷ್ಟು ಉಳಿಯುತ್ತದೆ. ಆದರೆ ಚೂರು ಶುದ್ಧವಾಗಿರಬೇಕು. ಸಣ್ಣ ಕಲ್ಲೋ ಪಿಂಗಾಣಿಯ ತುಣುಕೋ ಸೇರಿದರೆ ಹೊಸ ಗಾಜಿನ ಹಾಳೆಯಲ್ಲಿ ದೋಷ ಉಳಿಯುತ್ತದೆ. ಮನೆ ಕೆಡವುವಾಗ ಗಾಜನ್ನು ಇಟ್ಟಿಗೆ, ಗಾರೆಯ ಜೊತೆಗೇ ಲಾರಿಗೆ ಸುರಿಯುವುದನ್ನು ಕಂಡಾಗಲೆಲ್ಲ ನನಗೆ ಕರುಳು ಕಿವುಚಿದಂತಾಗುತ್ತದೆ.

ಮೊದಲು ಕಿಟಕಿಯ ಹೊರಗೆ ನೆರಳು ಮಾಡಿ. ಸಂಜೆಯ ಬಿಸಿಲು ಓರೆಯಾಗಿ ನುಗ್ಗುವುದರಿಂದ ಸಜ್ಜಾ ಒಂದೇ ಸಾಲದು. ಬಿದಿರಿನ ತಟ್ಟಿ ಇಳಿಬಿಡಿ. ಒಳಗಿನ ಪರದೆ ಅಷ್ಟು ನೆರವಾಗದು, ಬಿಸಿಲು ಆಗಲೇ ಗಾಜು ದಾಟಿರುತ್ತದೆ. ಬದಲಿಸಲೇಬೇಕೆಂದರೆ ಅಂಗಡಿಯಲ್ಲಿ ಎಸ್‌ಎಚ್‌ಜಿಸಿ ಎಷ್ಟೆಂದು ಕೇಳಿ. ಒಳಬರುವ ಬಿಸಿಲಿನ ಶಾಖದ ಅಳತೆ ಅದು, ನಿಮ್ಮ ಕಿಟಕಿಗೆ ಕಡಿಮೆ ಇದ್ದಷ್ಟೂ ಒಳ್ಳೆಯದು. ಹಳೆಯ ಗಾಜನ್ನು ಒಡೆಯದೆ ಇಡಿಯಾಗಿ ಬಿಡಿಸಲು ಬಡಗಿಗೆ ಹೇಳಿ. ಕಪಾಟಿನ ಬಾಗಿಲಿಗಾದರೂ ಆಗುತ್ತದೆ.