ಅಂಬಾಸಿಡರ್ ಎಂಜಿನ್ ಮರುಜೋಡಿಸುವಾಗ ಆಯಿಲ್ ಸೋರಿಕೆಯನ್ನು ತಡೆಯುವುದು ಹೇಗೆ?

ನಿಮ್ಮ ತಂದೆಯವರ ಕಾಲದ ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ ಬಿಚ್ಚಿ ಬೋರ್ ಮಾಡಿಸಿದ್ದೀರಿ (ಸವೆದ ಸಿಲಿಂಡರುಗಳನ್ನು ಕೊರೆಸಿದ್ದೀರಿ). ಎಲ್ಲ ಪ್ಯಾಕಿಂಗಿಗೂ (ಎರಡು ಭಾಗಗಳ ಸಂದಿ ಮುಚ್ಚುವ ಗ್ಯಾಸ್ಕೆಟ್) ದಪ್ಪಗೆ ಸಿಲಿಕೋನ್ ಪೇಸ್ಟ್ ಹಚ್ಚಿ ಜೋಡಿಸಿದರೆ ಮತ್ತೆ ಆಯಿಲ್ ಸೋರುವುದಿಲ್ಲವೆಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ, ಅದು ನಿಜವೇ ಎಂದು ಕೇಳಿದ್ದೀರಿ. ನಿಜವಲ್ಲ. ಈ ಎಂಜಿನ್ನುಗಳನ್ನು ಹವ್ಯಾಸಕ್ಕಾಗಿ ಬಿಚ್ಚಿ ಜೋಡಿಸುತ್ತ ಬಂದಿರುವ ನನಗೆ ತಿಳಿದಂತೆ, ಸೋರುವುದೋ ಬಿಡುವುದೋ ಎಂಬುದು ಎರಡು ಸಂಗತಿಗಳ ಮೇಲೆ ನಿಂತಿದೆ: ಕೂಡುವ ಮುಖಗಳು ಸಮತಟ್ಟಾಗಿವೆಯೇ, ಕ್ರ್ಯಾಂಕ್‌ಕೇಸಿನ, ಅಂದರೆ ಪಿಸ್ಟನ್ನುಗಳ ಕೆಳಗಿನ ಕೋಣೆಯ, ಒತ್ತಡಕ್ಕೆ ಹೊರದಾರಿ ಇದೆಯೇ.

ಎರಡನೆಯದನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಅದನ್ನು ನೋಡುವವರು ಕಡಿಮೆ. ಪಿಸ್ಟನ್ ರಿಂಗುಗಳನ್ನು ದಾಟಿ ಸ್ವಲ್ಪ ಅನಿಲ ಯಾವಾಗಲೂ ಕೆಳಗಿಳಿಯುತ್ತದೆ. ಹೊಸ ರಿಂಗುಗಳು ಬೋರಿಗೆ ಹೊಂದಿಕೊಳ್ಳುವವರೆಗೆ ಇನ್ನಷ್ಟು ಇಳಿಯುತ್ತದೆ. ಅದು ಹೊರಹೋಗಲೆಂದೇ ಬ್ಲಾಕಿನ ಪಕ್ಕದಲ್ಲಿರುವ ಎರಡು ತಗಡಿನ ಕವರುಗಳಲ್ಲಿ ಮುಂದಿನದಕ್ಕೆ ಬ್ರೀದರ್ ಪೈಪ್ ಕೊಟ್ಟಿದ್ದಾರೆ. ಆ ಕವರಿನೊಳಗಿನ ಜಾಲರಿಯಲ್ಲಿ ಹಳೆಯ ಆಯಿಲ್ ಕೆಸರಾಗಿ ಗಟ್ಟಿಯಾಗಿದ್ದರೆ, ಒತ್ತಡವು ಅತ್ಯಂತ ದುರ್ಬಲವಾದ ಸಂದಿಯನ್ನು ಹುಡುಕಿಕೊಂಡು ಆಯಿಲನ್ನೂ ಜೊತೆಗೆ ತಳ್ಳುತ್ತದೆ, ಮತ್ತು ಆಗ ಎಷ್ಟು ಒಳ್ಳೆಯ ಪ್ಯಾಕಿಂಗ್ ಹಾಕಿದ್ದರೂ ಪ್ರಯೋಜನವಿಲ್ಲ. ಕವರನ್ನು ಸೀಮೆಎಣ್ಣೆಯಲ್ಲಿ ನೆನೆಸಿಟ್ಟು, ಪೈಪಿನಲ್ಲಿ ಊದಿದರೆ ಗಾಳಿ ಸಲೀಸಾಗಿ ಹೋಗುವವರೆಗೆ ತೊಳೆಯಿರಿ. ಎಂಜಿನ್ನಿನ ತಲೆಯ ಮೇಲಿನ ಟ್ಯಾಪೆಟ್ ಕವರಿನಿಂದ ಏರ್ ಕ್ಲೀನರಿಗೆ ಹೋಗುವ ಹೋಸನ್ನೂ ಪರೀಕ್ಷಿಸಿರಿ.

ಇನ್ನು ಹಿಂಭಾಗ. ಬ್ರಿಟನ್ನಿನ ಬಿಎಂಸಿ ಸಂಸ್ಥೆಯ ಬಿ-ಸೀರೀಸ್ ಕುಟುಂಬಕ್ಕೆ ಸೇರಿದ, ಮೂರು ಮೇನ್ ಬೇರಿಂಗುಗಳ ಈ ಎಂಜಿನ್ನಿನಲ್ಲಿ ಕ್ರ್ಯಾಂಕಿನ (ಪಿಸ್ಟನ್ನುಗಳು ತಿರುಗಿಸುವ ದಂಡದ) ಹಿಂತುದಿಗೆ ರಬ್ಬರಿನ ಆಯಿಲ್ ಸೀಲ್ ಇಲ್ಲವೇ ಇಲ್ಲ. ಫ್ಲೈವೀಲಿನ ಮುಂದೆ ಕ್ರ್ಯಾಂಕಿನ ಮೇಲೆ ತಿರುಪಿನಂತಹ ಗೆರೆಗಳನ್ನು ಕೊರೆದಿರುತ್ತಾರೆ. ಎಂಜಿನ್ ತಿರುಗುವಾಗ ಆ ಗೆರೆಗಳೇ ಹಿಂದಕ್ಕೆ ಬಂದ ಆಯಿಲನ್ನು ಮತ್ತೆ ಒಳಕ್ಕೆ ಎಳೆದು ಎಂಜಿನ್ನಿನ ತಳದ ಆಯಿಲ್ ತೊಟ್ಟಿಯಾದ ಸಂಪ್‌ಗೆ ಇಳಿಸುತ್ತವೆ. ಗೆರೆಗಳಿಗೂ ಸುತ್ತಲಿನ ಕವಚಕ್ಕೂ ನಡುವೆ ಇರಬೇಕಾದದ್ದು ಕೂದಲೆಳೆಯಷ್ಟು ಅಂತರ. ಮೇನ್ ಬೇರಿಂಗ್ ಸವೆದು ಕ್ರ್ಯಾಂಕ್ ಕೆಳಗೆ ಕೂತಿದ್ದರೆ ಗೆರೆಗಳು ಒಂದು ಕಡೆ ಉಜ್ಜಿ ಇನ್ನೊಂದು ಕಡೆ ಸಂದಿ ದೊಡ್ಡದಾಗಿರುತ್ತದೆ, ಅದನ್ನು ಯಾವ ಪೇಸ್ಟೂ ತುಂಬಲಾರದು. ಆದ್ದರಿಂದ ಜೋಡಿಸುವ ಮೊದಲು ಬೇರಿಂಗ್ ಕೂರಿಸಿ, ಕ್ರ್ಯಾಂಕ್ ಇಟ್ಟು, ಫೀಲರ್ ಗೇಜಿನಿಂದ (ಸಂದಿ ಅಳೆಯುವ ತೆಳು ಪಟ್ಟಿಗಳು) ಆ ಅಂತರವು ಸುತ್ತಲೂ ಸಮವಾಗಿದೆಯೇ ಎಂದು ನೋಡಲೇಬೇಕು. ಹಿಂದಿನ ಬೇರಿಂಗ್ ಕ್ಯಾಪಿನಿಂದ ಆಯಿಲ್ ಮರಳುವ ದಾರಿ ಕಟ್ಟಿಕೊಂಡಿರಬಾರದು. ಆ ಕ್ಯಾಪ್ ಬ್ಲಾಕಿಗೆ ಕೂಡುವ ಅಡ್ಡ ಮುಖಗಳಿಗೆ ಮಾತ್ರ, ಬೇರಿಂಗಿಗೆ ತಾಗದಂತೆ, ಗಟ್ಟಿಯಾಗದ ಜಾಯಿಂಟಿಂಗ್ ಕಾಂಪೌಂಡನ್ನು ತೀರ ತೆಳುವಾಗಿ ಸವರಬೇಕು. ರೋಲ್ಸ್ ರಾಯ್ಸ್ ಸಂಸ್ಥೆಯ ಜೆಟ್ ಎಂಜಿನ್ನುಗಳಿಗಾಗಿ 1950ರ ದಶಕದಲ್ಲಿ ರೂಪುಗೊಂಡ ಹೈಲೋಮಾರ್ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಬ್ಲಾಕಿನ ಹಿಂಭಾಗದ ಆಯಿಲ್ ಗ್ಯಾಲರಿ ಪ್ಲಗ್ಗನ್ನೂ (ಆಯಿಲ್ ಹರಿಯುವ ನಾಳದ ಬಿರಡೆ) ಈಗಲೇ ಭದ್ರಪಡಿಸಿರಿ. ಅದು ಸೋರಿದರೆ ಕ್ರ್ಯಾಂಕಿನಿಂದಲೇ ಸೋರಿದಂತೆ ಕಾಣುತ್ತದೆ. ರಬ್ಬರ್ ಸೀಲ್ ಅಳವಡಿಸುವ ಕಿಟ್‌ಗಳು ಇಂಗ್ಲೆಂಡಿನಲ್ಲಿ ಸಿಗುತ್ತವೆ, ಆದರೆ ಅಂತರ ಸರಿಯಿರುವ ಎಂಜಿನ್ನಿಗೆ ಆ ಖರ್ಚು ಅನಗತ್ಯವೆಂದು ನನ್ನ ಅಭಿಪ್ರಾಯ.

ತಗಡಿನ ಭಾಗಗಳಾದ ಸಂಪ್ (ಗ್ಯಾರೇಜಿನವರ ಚೇಂಬರ್), ಪಕ್ಕದ ಕವರುಗಳು ಮತ್ತು ಟ್ಯಾಪೆಟ್ ಕವರ್ ಸೋರುವುದಕ್ಕೆ ಬಹುಮಟ್ಟಿಗೆ ಅತಿಯಾಗಿ ಬಿಗಿ ಮಾಡುವುದೇ ಕಾರಣ. ಬೋಲ್ಟಿನ ತೂತಿನ ಸುತ್ತ ತಗಡು ಉಬ್ಬಿ ಬಂದಿರುತ್ತದೆ. ಅಂಥ ಕವರಿನಲ್ಲಿ ಪ್ಯಾಕಿಂಗ್ ಬೋಲ್ಟಿನ ಬಳಿ ನಜ್ಜುಗುಜ್ಜಾಗಿ, ನಡುವೆ ಸಡಿಲವಾಗಿ ಕೂರುತ್ತದೆ. ಕವರನ್ನು ಗಟ್ಟಿಯಾದ ಕಬ್ಬಿಣದ ಪಟ್ಟಿಯ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಉಬ್ಬುಗಳನ್ನು ಮಟ್ಟ ಮಾಡಿ, ಗಾಜಿನ ಮೇಲಿಟ್ಟು ಪರೀಕ್ಷಿಸಿರಿ. ಇದೇ ಕುಟುಂಬದ, ಬ್ರಿಟಿಷ್ ಸ್ಪೋರ್ಟ್ಸ್ ಕಾರಾದ ಎಂಜಿಬಿಯ ಎಂಜಿನ್ನಿಗೆ ಸಂಪ್ ಬೋಲ್ಟುಗಳ ಬಿಗಿ ಸುಮಾರು 8 ನ್ಯೂಟನ್ ಮೀಟರ್, ಪಕ್ಕದ ಕವರುಗಳದು 3ಕ್ಕಿಂತಲೂ ಕಡಿಮೆ. ಅಂದರೆ ಪುಟ್ಟ ಸ್ಪ್ಯಾನರನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸುವಷ್ಟು. ಪಕ್ಕದ ಕವರುಗಳು ಮ್ಯಾನಿಫೋಲ್ಡಿನ ಕೆಳಗೆ ಅಡಗಿರುವುದರಿಂದ, ಎಂಜಿನ್ ಹೊರಗಿರುವಾಗಲೇ ಅವುಗಳ ಕೆಲಸ ಮುಗಿಸಿಕೊಳ್ಳುವುದು ಜಾಣತನ. ಕಾರ್ಕ್ ಪ್ಯಾಕಿಂಗ್ ಅಂಗಡಿಯಲ್ಲಿ ಒಣಗಿ ಕುಗ್ಗಿದ್ದರೆ ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಸಿದರೆ ಅಳತೆಗೆ ಬರುತ್ತದೆ. ಅದನ್ನು ಕವರಿನ ಕಡೆ ಮಾತ್ರ ಅಂಟಿಸಿ, ಬ್ಲಾಕಿನ ಕಡೆಗೆ ತುಸು ಗ್ರೀಸ್ ಸವರಿದರೆ ಮುಂದೆ ಬಿಚ್ಚುವಾಗ ಹರಿಯುವುದಿಲ್ಲ. ಸಂಪಿನ ಎರಡು ತುದಿಗಳಲ್ಲಿ ಬೇರಿಂಗ್ ಕ್ಯಾಪಿನ ತೋಡಿನಲ್ಲಿ ಕೂರುವ ಕಾರ್ಕ್ ಪಟ್ಟಿಗಳ ತುದಿಯನ್ನು ಮಟ್ಟಸವಾಗಿ ಕತ್ತರಿಸದೆ ಸ್ವಲ್ಪ ಮೇಲೆ ಬಿಡಿರಿ, ಸಂಪ್ ಒತ್ತಿದಾಗ ಮೂಲೆ ತುಂಬಿಕೊಳ್ಳುವುದು ಅದರಿಂದಲೇ.

ಹಾಗಾದರೆ ಸಿಲಿಕೋನ್ ಬೇಡವೇ? ಸಂಪಿನ ಆ ನಾಲ್ಕು ಮೂಲೆಗಳಿಗೆ ಒಂದೊಂದು ಬೊಟ್ಟು ಸಾಕು. ಬೆಂಗಳೂರಿನ ಜೆ.ಸಿ. ರಸ್ತೆಯ ಯಾವ ಅಂಗಡಿಯಲ್ಲಾದರೂ ಟ್ಯೂಬ್ ಸಿಗುತ್ತದೆ, ಕಷ್ಟವಿರುವುದು ಅಳತೆಯಲ್ಲಿ. ದಪ್ಪಗೆ ಹಚ್ಚಿದರೆ ಹೊರಗೆ ಎಷ್ಟು ಉಕ್ಕುವುದೋ ಒಳಗೂ ಅಷ್ಟೇ ಉಕ್ಕುತ್ತದೆ. ಆ ಎಳೆಗಳು ಕಳಚಿ ಆಯಿಲ್ ಪಂಪಿನ ಜಾಲರಿಗೆ ಅಂಟಿಕೊಂಡರೆ ಬೇರಿಂಗುಗಳಿಗೆ ಆಯಿಲ್ ತಲುಪುವುದಿಲ್ಲ. ನೆಲದ ಮೇಲಿನ ಕಲೆಗಿಂತ ಅದು ಎಷ್ಟೋ ಪಾಲು ದುಬಾರಿ. ಆಯಿಲಿನ ಪಸೆಯಿರುವ ಲೋಹಕ್ಕೆ ಸಿಲಿಕೋನ್ ಅಂಟುವುದೂ ಇಲ್ಲ, ಥಿನ್ನರಿನಿಂದ ಒರೆಸಿ ಒಣಗಿಸಿಯೇ ಹಚ್ಚಬೇಕು.

ಎಂಜಿನ್ನಿನ ಮುಂಭಾಗದ ಟೈಮಿಂಗ್ ಕವರಿನ ಬೋಲ್ಟುಗಳನ್ನು ಸಡಿಲವಾಗಿಟ್ಟು, ಕ್ರ್ಯಾಂಕ್ ಪುಲ್ಲಿಯನ್ನು ಸೀಲಿನೊಳಗೆ ತೂರಿಸಿ ಕವರ್ ಮಧ್ಯಕ್ಕೆ ಬಂದ ಬಳಿಕ ಬಿಗಿ ಮಾಡಿರಿ. ಪುಲ್ಲಿಯ ಮೇಲೆ ಸೀಲ್ ಉಜ್ಜಿ ತೋಡು ಬಿದ್ದಿದ್ದರೆ ಹೊಸ ಸೀಲೂ ಸೋರುತ್ತದೆ. ಬಟ್ಟಲಿನಂಥ ಆಯಿಲ್ ಫಿಲ್ಟರಿದ್ದರೆ ಹಳೆಯ ರಬ್ಬರ್ ರಿಂಗನ್ನು ಕೆದಕಿ ತೆಗೆದೇ ಹೊಸದನ್ನು ಕೂರಿಸಿರಿ. ಡ್ರೇನ್ ಪ್ಲಗ್ಗಿನ ತಾಮ್ರದ ವಾಷರನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗಿ ಚೆನ್ನಾಗಿ ಕೂರುತ್ತದೆ.

ಎಂಜಿನ್ ಕೆಲವು ಸಲ ಕಾದು ಆರಿದ ಮೇಲೆ ಕಾರ್ಕ್ ಕೂತಿರುತ್ತದೆ, ಆಗ ಬೋಲ್ಟುಗಳನ್ನು ಇನ್ನೊಮ್ಮೆ ಹಗುರವಾಗಿ ನೋಡಿರಿ. ಎಲ್ಲಿಂದಲಾದರೂ ಸೋರಿದರೆ ಪೂರ್ತಿ ತೊಳೆದು, ಒಣಗಿಸಿ, ಟಾಲ್ಕಂ ಪೌಡರ್ ಉದುರಿಸಿ ಓಡಿಸಿದರೆ ಮೂಲ ಕಾಣುತ್ತದೆ. ಟ್ಯಾಪೆಟ್ ಕವರಿನ ಹಿಂದಿನ ಅಂಚಿನಿಂದ ಇಳಿದ ಆಯಿಲನ್ನು ಹಿಂದಿನ ಬೇರಿಂಗಿನದೆಂದು ತಿಳಿದು ಗೇರ್‌ಬಾಕ್ಸ್ ಇಳಿಸಿದವರಿದ್ದಾರೆ. ರಾತ್ರಿಯೆಲ್ಲ ನಿಂತ ಮೇಲೆ ಬೆಲ್ ಹೌಸಿಂಗಿನ (ಫ್ಲೈವೀಲ್ ಮತ್ತು ಕ್ಲಚ್ಚನ್ನು ಮುಚ್ಚುವ ಕವಚದ) ತಳದಿಂದ ಒಂದೆರಡು ಹನಿ ಬಿದ್ದಿದ್ದರೆ ಚಿಂತಿಸಬೇಡಿರಿ, ಕ್ರ್ಯಾಂಕ್ ನಿಂತಾಗ ಆ ಗೆರೆಗಳಿಗೆ ಕೆಲಸವಿರುವುದಿಲ್ಲ. ಓಡುವಾಗಲೂ ಹರಿದು ಕ್ಲಚ್ ಜಾರಲು ತೊಡಗಿದರೆ ಮಾತ್ರ ಮತ್ತೆ ಬಿಚ್ಚಬೇಕಾಗುತ್ತದೆ.